ತಿಲಕವಾಡಿಯ ಬಾಕ್ಸಿಂಗ್ ಕ್ಲಾಸು: ಮೂರು ತಿಂಗಳಾದ ಮೇಲೆ

ಮಗನಿಗೆ ಸಿಟ್ಟು ಜಾಸ್ತಿ ಅಂತ ಬೆಳಗಾವಿಯ ತಿಲಕವಾಡಿಯಲ್ಲಿ ಒಂದು ಬಾಕ್ಸಿಂಗ್ ಕ್ಲಾಸಿಗೆ ಹಾಕಿದೆ. "ರೊಕ್ಕ ಕೊಟ್ಟು ಹೊಡೆದಾಟ ಕಲಸ್ತಿ ಏನು?" ಅಂತ ಅವ್ವ ಬೈದಳು. ಆದರೆ ಮೊದಲ ಎರಡು ವಾರ ಹೊಡೆತವೇ ಇಲ್ಲ. ಹಗ್ಗ ಜಿಗಿಯುವುದು, ಸರಿಯಾಗಿ ನಿಲ್ಲುವುದು, ಕೈಗೆ ಪಟ್ಟಿ ಸುತ್ತುವುದು, ಅಷ್ಟೇ.

ಪಟ್ಟಿ ಸುತ್ತುತ್ತಾ ಕೋಚ್ ಕಥೆ ಹೇಳುತ್ತಾರೆ, ಕ್ರಿಸ್ತಪೂರ್ವ 688ರಲ್ಲೇ ಒಲಿಂಪಿಕ್ಸಿಗೆ ಬಾಕ್ಸಿಂಗ್ ಬಂದಿತ್ತು, ಆಗ ಗ್ರೀಕರು ಕೈಗೆ ಚರ್ಮದ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದರು, ಗ್ಲೌಸು, ಮೂರು ನಿಮಿಷದ ರೌಂಡು ಎಲ್ಲ ಗಟ್ಟಿಯಾದದ್ದು 1867ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಕ್ವೀನ್ಸ್‌ಬೆರಿ ಅನ್ನೋ ಬಾಕ್ಸಿಂಗ್ ನಿಯಮಗಳಿಂದ ಅಂತ. ನಮ್ಮ ಗರಡಿ ಮನೆಯಲ್ಲಿ ಮಣ್ಣು ಮುಟ್ಟಿ ನಮಸ್ಕರಿಸಿದ ಹಾಗೆ ಇಲ್ಲಿ ಎದುರಿನವನ ಗ್ಲೌಸಿಗೆ ಗ್ಲೌಸು ತಾಗಿಸಿಯೇ ಶುರು.

ಏಟು ತಿಂದು ಸಿಟ್ಟಾದರೆ ಮುಖ ಕಾಯುವ ಕೈ ಕೆಳಗಿಳಿಯುತ್ತದೆ, ಕೈ ಇಳಿದರೆ ಇನ್ನೊಂದು ಏಟು. ನಾನು ವರ್ಷಗಟ್ಟಲೆ ಬೈದು ಕಲಿಸಲಾಗದ್ದು ಇದು, ಅಲ್ವಾ?

ಬೇಸರವೂ ಇದೆ. ಅಲ್ಲಿನ ಗ್ಲೌಸುಗಳ ಬೆವರಿನ ವಾಸನೆ ತಡೆಯಲಾಗದು, ಸ್ವಂತದ್ದು ತಗೊಳ್ಳಿ. ಬ್ಯಾಚಿನಲ್ಲಿ ಮಕ್ಕಳೂ ಜಾಸ್ತಿ. ಚಿಕ್ಕವರ ತಲೆಗೆ ಹೊಡೆಸಬೇಡಿ ಅಂದೆ, ಕೋಚ್ ತಕ್ಷಣ ಒಪ್ಪಿದರು. ಮುಂದಿನ ತಿಂಗಳ ಫೀಸೂ ಕಟ್ಟಿದ್ದೇನೆ.