ಟಿಲ್ಲರ್‌ಗೆ ತಿರುಗುವ ನೇಗಿಲು ಕಟ್ಟಿ ಪೈಪಿಗೆ ಟ್ರೆಂಚ್ ಹೊಡೆಯೋದು: ಎಲ್ಲಿಯವರೆಗೆ ಸರಿ, ಎಲ್ಲಿಂದ ಬೇಡ

ಟಿಲ್ಲರ್‌ಗೆ ಕಟ್ಟಿದ ಈ ತಿರುಗು ನೇಗಿಲನ್ನು ನೋಡಿದವರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: ಟ್ರೆಂಚ್ ಮಷೀನಿನ ಬದಲು ಇದು ಆಗುತ್ತಾ? ಒಂದೂವರೆ ಅಡಿ ಆಳದವರೆಗೆ ಆಗುತ್ತೆ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಇದನ್ನು ನಂಬಿ ಕೂರಬೇಡಿ. ಆ ಒಂದೂವರೆ ಅಡಿಯಲ್ಲೂ ತಳದ ನಾಲ್ಕು ಇಂಚು ಸಲಿಕೆಯ ಪಾಲು. ಆದರೂ ನಾನು ಇದಕ್ಕೆ ಒಳ್ಳೆಯ ಅಂಕ ಕೊಡ್ತೀನಿ. ಯಾಕೆ ಅಂತ ಹೇಳ್ತೀನಿ, ಬೈಯೋದು ಇರೋ ಕಡೆ ಬೈಯ್ತೀನಿ.

ಮೊದಲು ಲೆಕ್ಕ. 200 ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ ಅಂದ್ರೆ 300 ಘನ ಅಡಿ ಮಣ್ಣು, ಸುಮಾರು ಎಂಟೂವರೆ ಘನ ಮೀಟರ್. ಘನ ಮೀಟರಿಗೆ ಒಂದೂವರೆ ಟನ್ ಅಂತ ಹಿಡಿದರೂ 12 ಟನ್ ದಾಟುತ್ತೆ. ಅಷ್ಟನ್ನೂ ಗುದ್ದಲಿಯಲ್ಲಿ ಅಗೆದು ಮೇಲೆ ಎತ್ತಿ ಹಾಕಬೇಕು, ಪೈಪ್ ಇಟ್ಟ ಮೇಲೆ ಅಷ್ಟನ್ನೂ ಮತ್ತೆ ಒಳಗೆ ಎಳೆಯಬೇಕು. ಮಂಡಿ, ಸೊಂಟ ಎರಡೂ ಸವೆದಿರುವ ನನ್ನಂಥವನಿಗೆ ಈ ಲೆಕ್ಕ ಕಾಗದದ ಮೇಲೆ ನೋಡಿದ್ರೇ ಸಾಕಾಗುತ್ತೆ.

ನನ್ನ ಹತ್ತಿರ ಇರೋದು 11 ಎಚ್‌ಪಿ ಪೆಟ್ರೋಲ್ ಎಂಜಿನ್ನಿನ, ಹಿಂದೆ ನಡೆದು ಓಡಿಸುವ ಎರಡು ಚಕ್ರದ ಗಾಡಿ. ಬೆಲ್ಟ್ ಇಲ್ಲ, ಪೂರ್ತಿ ಗೇರ್. ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದೆ, ಹಿಂದೆ ಪಿಟಿಒ ಇದೆ (ಎಂಜಿನ್ನಿನ ಶಕ್ತಿಯನ್ನು ಕಟ್ಟಿದ ಸಾಮಾನಿಗೆ ಕೊಡುವ ತಿರುಗು ಶಾಫ್ಟ್), ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ವಾಲಿಸಿ ನಿಲ್ಲಿಸಬಹುದು. ಈ ಕೊನೆಯದನ್ನು ಕೊಳ್ಳುವಾಗ ಯಾರೂ ಗಮನಿಸಲ್ಲ. ಟ್ರೆಂಚ್ ಕೆಲಸಕ್ಕೆ ಅದೇ ಪ್ರಾಣ: ಹ್ಯಾಂಡಲ್ ಓರೆ ಮಾಡಿದ್ರೆ ನೀವು ಗಟ್ಟಿ ನೆಲದ ಮೇಲೆ ಪಕ್ಕದಲ್ಲಿ ನಡೀತೀರಿ. ನೇರ ಇದ್ದರೆ ಈಗಷ್ಟೇ ಸಡಿಲ ಮಾಡಿದ ಮಣ್ಣಿನಲ್ಲಿ ಮೊಣಕಾಲುದ್ದ ಹೂತುಕೊಂಡು ಗಾಡಿ ಹಿಂದೆ ಎಡವುತ್ತಾ ಹೋಗ್ತೀರಿ.

ಈ ಜಾತಿಯ ಗಾಡಿ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅಮೆರಿಕದ ಬೆಂಜಮಿನ್ ಗ್ರೇವ್ಲಿ ಅನ್ನೋ ಫೋಟೋಗ್ರಾಫರ್ ತನ್ನ ತೋಟಕ್ಕೆ ಅಂತ ಮಾಡಿಕೊಂಡ ಮೋಟಾರ್ ನೇಗಿಲಿಗೆ 1916ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಇದ್ದದ್ದು ಒಂದೇ ಚಕ್ರ. ಇಟಲಿಯ ಬಿಸಿಎಸ್ ಕಂಪನಿ 1943ರಲ್ಲಿ ಶುರುವಾದಾಗ ಮಾಡಿದ್ದು ಹುಲ್ಲು ಕೊಯ್ಯುವ ಯಂತ್ರ. ಟ್ರೆಂಚ್ ಅನ್ನೋದು ನಾವು ಆಮೇಲೆ ಈ ಗಾಡಿಯ ತಲೆಗೆ ಕಟ್ಟಿದ ಕೆಲಸ. ಇದನ್ನು ನೆನಪಿಟ್ಟುಕೊಂಡರೆ ನಿರೀಕ್ಷೆ ಒಂದು ಹದದಲ್ಲಿರುತ್ತೆ.

ಈಗ ನೇಗಿಲಿನ ವಿಷಯ. ಎರಡು ಬಗೆ ಇದೆ. ಒಂದು ಮಣ್ಣು ಮಗುಚುವ ಮಾಮೂಲಿ ರೆಕ್ಕೆ ನೇಗಿಲು, ಗಾಡಿ ಎಳೆದುಕೊಂಡು ಹೋಗೋದು. ಇನ್ನೊಂದು ಪಿಟಿಒದಿಂದ ಓಡುವ ತಿರುಗು ನೇಗಿಲು, ರೋಟರಿ ಪ್ಲೋ. ಮೊದಲನೆಯದರಲ್ಲಿ ಎಂಜಿನ್ ಎಷ್ಟೇ ದೊಡ್ಡದಿರಲಿ, ಎಳೆಯುವ ಶಕ್ತಿ ನಿರ್ಧಾರ ಆಗೋದು ಚಕ್ರದ ಹಿಡಿತದಿಂದ. ಹಿಡಿತ ಬರೋದು ಗಾಡಿಯ ತೂಕದಿಂದ. ಒಳ್ಳೆಯ ನೆಲದಲ್ಲೂ ತನ್ನ ತೂಕದ ಅರ್ಧ, ಇಲ್ಲ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಅದು ಎಳೆಯೋದು. ಒಂದೂವರೆ ಕ್ವಿಂಟಾಲ್ ಗಾಡಿ ಗಟ್ಟಿ ನೆಲದಲ್ಲಿ ಆರು ಇಂಚು ಇಳಿಯುತ್ತಿದ್ದ ಹಾಗೇ ಚಕ್ರ ನಿಂತಲ್ಲೇ ಸುತ್ತೋಕೆ ಶುರು ಮಾಡುತ್ತೆ. ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟಬಹುದು, ಸ್ವಲ್ಪ ಸುಧಾರಿಸುತ್ತೆ. ಆದರೂ ಟ್ರೆಂಚಿಗೆ ರೆಕ್ಕೆ ನೇಗಿಲನ್ನು ನಾನು ಯಾರಿಗೂ ಹೇಳಲ್ಲ. ಅದು ಮಣ್ಣನ್ನು ಮಗುಚಿ ಪಕ್ಕದಲ್ಲೇ ಮಲಗಿಸುತ್ತೆ, ಹೊರಗೆ ಎಸೆಯಲ್ಲ.

ತಿರುಗು ನೇಗಿಲು ಎಸೆಯುತ್ತೆ. ನೆಟ್ಟಗೆ ನಿಂತ ಒಂದು ಶಾಫ್ಟ್, ಅದರ ಸುತ್ತ ಬೋಲ್ಟ್ ಹಾಕಿ ಬಿಗಿದ ನಾಲ್ಕು ಬಾಗಿದ ಅಲಗು, ತುದಿಯಲ್ಲಿ ನೆಲ ಕೊರೆಯುವ ಮೊನೆ. ಗುಂಡಿ ತೋಡುವ ಆಗರ್ ನೋಡಿದ್ದರೆ ಅದರ ಗಿಡ್ಡ ತಮ್ಮ ಅಂದುಕೊಳ್ಳಿ. ಶಾಫ್ಟಿನ ಒಂದು ಪಕ್ಕ ತಗಡಿನ ಮರೆ ಇದೆ, ಇನ್ನೊಂದು ಪಕ್ಕ ಖಾಲಿ. ಅಲಗು ಮಣ್ಣನ್ನು ಕೆಳಗಿನಿಂದ ಕತ್ತರಿಸಿ ಮೇಲೆ ಎತ್ತಿ ಆ ಖಾಲಿ ಕಡೆಯಿಂದ ಪಕ್ಕಕ್ಕೆ ಚಿಮ್ಮುತ್ತೆ. ಎಂಜಿನ್ನಿನ ಶಕ್ತಿ ಚಕ್ರದ ಮೂಲಕ ಹೋಗದೆ ನೇರವಾಗಿ ಅಲಗಿಗೆ ಹೋಗೋದರಿಂದ ಹಿಡಿತದ ತಕರಾರು ಬಹುಪಾಲು ಮುಗೀತು. ಚಕ್ರ ಬರೀ ಮುಂದಕ್ಕೆ ತೆವಳಿದರೆ ಸಾಕು. ಮಣ್ಣು ಬೀಳೋದು ನೋಡೋಕೆ ಚೆಂದ. ಹೆಂಟೆ ಇಲ್ಲ, ಪುಡಿ ಪುಡಿಯಾಗಿ ದಂಡೆ ಕಟ್ಟುತ್ತೆ.

ಕೆಲಸ ಮಾಡುವ ಕ್ರಮ ಹೀಗೆ. ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದುಕೊಳ್ಳಬೇಕು, ಯಾಕಂದ್ರೆ ಮೊದಲ ಸಾಲು ಸೊಟ್ಟ ಆದರೆ ಉಳಿದದ್ದೆಲ್ಲ ಅದೇ ಸೊಟ್ಟದಲ್ಲಿ ಹೋಗುತ್ತೆ. ಮೊದಲ ಸಾಲು ನಾಲ್ಕೈದು ಇಂಚು ಮಾತ್ರ. ಹಿಂದಿನ ಡೆಪ್ತ್ ಕಾಲನ್ನು, ಅಂದ್ರೆ ನೇಗಿಲು ಎಷ್ಟು ಇಳಿಯಬೇಕು ಅಂತ ತಡೆಯುವ ಕಾಲನ್ನು, ಅಷ್ಟೇ ಆಳಕ್ಕೆ ಹೊಂದಿಸಿ ಇಡೋದು. ಅತಿ ನಿಧಾನದ ಗೇರ್, ಎಂಜಿನ್ ಪೂರ್ತಿ ಆರ್‌ಪಿಎಂ. ಆಮೇಲೆ ವಾಪಸ್ ಅದೇ ಗೆರೆಯಲ್ಲಿ ಎದುರು ದಿಕ್ಕಿಗೆ ಬರಬೇಕು. ಹೋಗುವಾಗ ಗಾಡಿಯ ಬಲಕ್ಕೆ ಎಸೆದದ್ದು ಬರುವಾಗಲೂ ಬಲಕ್ಕೇ ಎಸೆಯುತ್ತೆ, ಅಂದ್ರೆ ಕಾಲುವೆಯ ಎರಡೂ ಕಡೆ ದಂಡೆ. ಒಂದೇ ಕಡೆ ಬೇಕು ಅನ್ನುವವರು ಎಡ-ಬಲ ತಿರುಗಿಸಬಹುದಾದ ಮಾದರಿ ತಗೋಬೇಕು. ಗೋಡೆ ಪಕ್ಕ, ಬೇಲಿ ಪಕ್ಕ ಪೈಪ್ ಎಳೆಯೋರಿಗೆ ಅದು ಬೇಕೇ ಬೇಕು.

ಚಕ್ರಗಳು ಎರಡೂ ದಂಡೆ ಮೇಲಿದ್ದು ನೇಗಿಲು ನಡುವೆ ಇಳಿದಿರುವಷ್ಟು ಹೊತ್ತು ಕೆಲಸ ಬೆಣ್ಣೆ. ನೇಗಿಲಿನ ಕೈ ಎಟುಕೋದು ಹತ್ತು ಹನ್ನೆರಡು ಇಂಚು. ಅಲ್ಲಿಂದ ಮುಂದೆ ಒಂದು ಚಕ್ರವನ್ನು ಕಾಲುವೆಯೊಳಗೆ ಇಳಿಸಲೇಬೇಕು. ಆಗ ಗಾಡಿ ವಾಲುತ್ತೆ, ನೇಗಿಲೂ ವಾಲಿ ಪಕ್ಕದ ದಂಡೆಯನ್ನು ಕೆರೆಯುತ್ತೆ. ಆಳ ಬೇಕು ಅಂತ ಹೋದವನಿಗೆ ಅಗಲ ಸಿಗುತ್ತೆ. ನನ್ನ ಟ್ರೆಂಚ್ ಬಾಯಲ್ಲಿ ಎರಡು ಅಡಿ ಮೀರಿತು, ತಳದಲ್ಲಿ ಒಂದು ಅಡಿ ಇಲ್ಲ. ಬಾಯಿ ಅಷ್ಟು ಅಗಲ ಆದ ಮೇಲೆ ಎರಡೂ ಚಕ್ರ ಒಳಗೆ ಇಳಿಸಿ ಇನ್ನೂ ಕೆಳಗೆ ಹೋಗಬಹುದಲ್ಲ ಅನ್ನಿಸುತ್ತೆ. ಇಳಿಸಿದ್ರೆ ಗಾಡಿ ಹೋಗುತ್ತೆ, ಮಣ್ಣು ಮೇಲೆ ಹೋಗಲ್ಲ. ಅಲಗು ಚಿಮ್ಮಿದ ಮಣ್ಣು ಗೋಡೆಗೆ ಬಡಿದು ಅಲ್ಲೇ ಕೆಳಗೆ ಬೀಳುತ್ತೆ. ಕಂಪನಿಯವರು ಎಚ್‌ಪಿ ಬಗ್ಗೆ ಎಷ್ಟು ಬೇಕಾದರೂ ಬರೆದುಕೊಳ್ಳಲಿ, ಈ ಸಾಮಾನಿನ ನಿಜವಾದ ಮಿತಿ ಇದು: ಎಸೆತ ದಂಡೆ ದಾಟುವವರೆಗೆ ಮಾತ್ರ ಇದು ಟ್ರೆಂಚ್ ಯಂತ್ರ, ಆಮೇಲೆ ತಳದ ಮಣ್ಣು ಕಲಕುವ ಯಂತ್ರ.

ಕಲಕೋದೂ ಉಪಯೋಗಕ್ಕೆ ಬರುತ್ತೆ ಅನ್ನಿ. ತಳದ ಮಣ್ಣು ಸಡಿಲ ಆಗಿರುತ್ತೆ, ಪಿಕಾಸಿ ಎತ್ತುವ ಪ್ರಮೇಯ ಇಲ್ಲ, ಕಿರಿದಾದ ಸಲಿಕೆಯಲ್ಲಿ ಬಾಚಿ ಹಾಕಿದರೆ ಆಯ್ತು. ಅಗೆಯೋ ಕೆಲಸ ಹೋಗಿ ಬಾಚೋ ಕೆಲಸ ಉಳಿಯುತ್ತೆ. ಇವೆರಡರ ನಡುವಿನ ವ್ಯತ್ಯಾಸ ಗಟ್ಟಿ ನೆಲದಲ್ಲಿ ಗುದ್ದಲಿ ಹಿಡಿದವನಿಗೆ ಬಿಡಿಸಿ ಹೇಳಬೇಕಿಲ್ಲ.

ಮಣ್ಣಿನ ಹದದ ಮೇಲೆ ಎಲ್ಲಾ ನಿಂತಿದೆ. ಕೈಯಲ್ಲಿ ಹಿಡಿದು ಹಿಸುಕಿದರೆ ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಆ ಹದದಲ್ಲಿ ಮಣ್ಣು ದೂರಕ್ಕೆ ಬೀಳುತ್ತೆ. ಜೇಡಿ ಮಣ್ಣು ಒದ್ದೆ ಇದ್ದಾಗ ಹೋದರೆ ಅಲಗಿಗೆ ಮೆತ್ತಿಕೊಂಡು ಶಾಫ್ಟ್ ಪೂರ್ತಿ ದಪ್ಪ ಕಂಬದ ಹಾಗೆ ಸುತ್ತುತ್ತೆ, ಏನೂ ಕತ್ತರಿಸಲ್ಲ. ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು, ಕಡ್ಡಿಯಲ್ಲಿ ಕೆರೆಯೋದು, ಮತ್ತೆ ಸ್ಟಾರ್ಟ್ ಮಾಡೋದು, ಮತ್ತೆ ಮೆತ್ತೋದು. ಪೂರ್ತಿ ಒಣಗಿದ ಎರೆ ಮಣ್ಣಿನಲ್ಲಿ ಇನ್ನೊಂದು ಕಥೆ: ಮೊನೆ ನೆಲ ಕಚ್ಚದೆ ಮೇಲೆ ಮೇಲೆ ಕುಣಿಯುತ್ತೆ. ಹಿಂದಿನ ದಿನ ಗೆರೆಯುದ್ದಕ್ಕೂ ನೀರು ಬಿಟ್ಟರೆ ಸರಿಹೋಗುತ್ತೆ.

ಕಲ್ಲು, ಬೇರು. ಮುಷ್ಟಿಯಷ್ಟು ದಪ್ಪದ ಕಲ್ಲನ್ನು ಎತ್ತಿ ಎಸೆದುಬಿಡುತ್ತೆ, ಆದ್ದರಿಂದ ಎಸೆಯುವ ಕಡೆ ಮಕ್ಕಳು, ನಾಯಿ, ಕಿಟಕಿ ಗಾಜು ಯಾವುದೂ ಇರಬಾರದು. ತಲೆಯಷ್ಟು ದಪ್ಪದ ಕಲ್ಲಿಗೆ ಬಡಿದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಪಕ್ಕಕ್ಕೆ ಒದೆಯುತ್ತೆ. ಸತ್ತ ಕೈ ಲಿವರ್ ಅಂತಾರಲ್ಲ, ಕೈ ಬಿಟ್ಟರೆ ಎಂಜಿನ್ ನಿಲ್ಲಿಸುವ ಲಿವರ್, ಅದನ್ನು ದಾರ ಕಟ್ಟಿ ಅಮುಕಿ ಇಡುವ ಜಾಣರನ್ನು ನೋಡಿದ್ದೀನಿ. ದಯವಿಟ್ಟು ಬೇಡ. ಹೆಬ್ಬೆರಳಿನ ದಪ್ಪದ ಬೇರು ಕತ್ತರಿಸಿ ಹೋಗುತ್ತೆ. ಅದಕ್ಕಿಂತ ದಪ್ಪದ್ದು ಅಲಗಿಗೆ ಸುತ್ತಿಕೊಳ್ಳುತ್ತೆ, ಮೊದಲೇ ಕೊಡಲಿಯಲ್ಲಿ ತೆಗೆದಿಡೋದು ಮೇಲು. ಹಳೇ ಪೈಪು, ಕರೆಂಟ್ ಕೇಬಲ್ ನೆಲದಡಿ ಎಲ್ಲಿದೆ ಅಂತ ಗೊತ್ತಿಲ್ಲದ ಜಾಗದಲ್ಲಿ ಇದನ್ನು ಇಳಿಸಲೇಬಾರದು. ಗುದ್ದಲಿಯಾದರೆ ಕೇಬಲ್ ತಾಕಿದ್ದು ಕೈಗೆ ಗೊತ್ತಾಗುತ್ತೆ, ಇದು ಕತ್ತರಿಸಿದ ಮೇಲೇ ಹೇಳೋದು.

ನನ್ನ ಭಾವ ಜೆಸಿಬಿ ಓಡಿಸೋರು. ನಾನು ಸುಣ್ಣದ ಗೆರೆ ಹಾಕ್ತಿರೋದು ನೋಡಿ, "ಅಲ್ಲಯ್ಯಾ, ನನ್ನ ಗಾಡಿ ತಂದ್ರೆ ಟೀ ಕುಡಿಯೋದ್ರೊಳಗೆ ಮುಗಿಯೋ ಕೆಲಸಕ್ಕೆ ಇಷ್ಟೊಂದು ಪೂಜೆನಾ?" ಅಂದರು.

"ಗೇಟು ಒಡೀಬೇಕಲ್ಲ ಭಾವ, ಅದನ್ನೂ ನೀವೇ ಕಟ್ಟಿಸಿಕೊಡ್ತೀರಾ?" ಅಂದೆ. ನಕ್ಕು ಸುಮ್ಮನಾದರು.

ತಮಾಷೆ ಅಲ್ಲ, ಈ ಗಾಡಿಯ ದೊಡ್ಡ ಗುಣವೇ ಅದು. ಮನುಷ್ಯ ತೂರುವ ಗೇಟಿನಲ್ಲಿ ತೂರುತ್ತೆ, ಎಳೆ ಗಿಡಗಳ ನಡುವೆ ಹೋಗುತ್ತೆ, ನೆಲದ ಮೇಲೆ ಆಳದ ಟೈರ್ ಗುರುತು ಬಿಡಲ್ಲ. ದೊಡ್ಡ ಯಂತ್ರ ಒಳಗೆ ಬರುವ ಬಯಲಿದ್ದರೆ, ಆಳ ಮೂರು ಅಡಿ ಬೇಕಿದ್ದರೆ ಭಾವ ಹೇಳಿದ್ದೇ ಸರಿ.

ಚೈನಿನ ಟ್ರೆಂಚ್ ಮಷೀನ್ ಇನ್ನೊಂದು ಪ್ರತಿಸ್ಪರ್ಧಿ. ಬಾಡಿಗೆಗೆ ಸಿಗುವ ಕೈಯಲ್ಲಿ ಓಡಿಸುವ ಚೈನ್ ಮಷೀನ್ ನಾಲ್ಕರಿಂದ ಆರು ಇಂಚು ಅಗಲಕ್ಕೆ, ಎರಡು ಮೂರು ಅಡಿ ಆಳಕ್ಕೆ, ಗೋಡೆ ನೆಟ್ಟಗೆ ಇರುವಂತೆ ಕತ್ತರಿಸುತ್ತೆ. ಬರೀ ಒಂದು ಕೇಬಲ್ ಹೂಳೋದಾದರೆ ಅದರ ಮುಂದೆ ನನ್ನ ನೇಗಿಲು ನಿಲ್ಲಲ್ಲ, ಒಪ್ತೀನಿ. ಅಷ್ಟು ಅಗಲ ತೋಡಿ ಅಷ್ಟೂ ಮುಚ್ಚುವ ದಂಡದ ಕೆಲಸ ಅದರಲ್ಲಿಲ್ಲ. ಆದರೆ ಆರು ಇಂಚಿನ ಸೀಳಿನಲ್ಲಿ ಕಾಲಿಟ್ಟು ನಿಂತು ಪೈಪಿಗೆ ಜಾಯಿಂಟ್ ಹಾಕೋಕಾಗಲ್ಲ. ಬಾಯಿ ಅಗಲ ಇರುವ ಟ್ರೆಂಚಿನಲ್ಲಿ ಕೂತು ಸಲ್ಯೂಷನ್ ಹಚ್ಚಬಹುದು, ನೀರಿನ ಪೈಪು ಮತ್ತು ಕೇಬಲ್ಲನ್ನು ದೂರ ದೂರ ಇಡಬಹುದು, ಜಲ್ಲಿ ತುಂಬಿ ಬಸಿಗಾಲುವೆ ಮಾಡಬಹುದು. ಬಸಿಗಾಲುವೆಗಂತೂ ಚೈನ್ ಮಷೀನಿಗಿಂತ ಇದನ್ನೇ ಆರಿಸ್ತೀನಿ.

ಬೇಸರದ ವಿಷಯಗಳಲ್ಲಿ ಮೊದಲನೆಯದು ಎರಡು ತುದಿಗಳು. ನೇಗಿಲು ಓರೆಯಾಗಿ ಇಳಿಯುತ್ತೆ, ಓರೆಯಾಗಿ ಮೇಲೇಳುತ್ತೆ. ಗೋಡೆಗೆ ತಾಗಿಸಿ ಶುರು ಮಾಡೋಕಾಗಲ್ಲ, ಗಾಡಿಯ ಉದ್ದದಷ್ಟು ಜಾಗ ಎರಡೂ ಕಡೆ ಕೈಯಲ್ಲೇ ತೋಡಬೇಕು. ಚಿಕ್ಕ ಟ್ರೆಂಚ್ ಆದರೆ ಆ ತುದಿಗಳೇ ಅರ್ಧ ಕೆಲಸ ಆಗಿಬಿಡುತ್ತೆ, ಗಾಡಿ ಹೊರಗೆ ತೆಗೆಯೋದೇ ದಂಡ. ಎಲ್ ಆಕಾರದ ಮೂಲೆಯೂ ಅಷ್ಟೇ. ದೊಡ್ಡ ಸುತ್ತಿನ ತಿರುವು ಹೋಗುತ್ತೆ, ಮೂಲೆ ಹೋಗಲ್ಲ. ಎರಡನೆಯದು ತೂಕ. ಈ ನೇಗಿಲು ಒಬ್ಬನೇ ಎತ್ತಿ ಪಿಟಿಒಗೆ ಕೂಡಿಸುವ ಸಾಮಾನಲ್ಲ. ಹಲಗೆಗೆ ಗಾಲಿ ಬಡಿದು ಅದರ ಮೇಲೆ ನೇಗಿಲು ಇಟ್ಟು, ಗಾಡಿಯನ್ನೇ ಹಿಂದಕ್ಕೆ ತಂದು ಸೇರಿಸುವ ಪದ್ಧತಿ ಮಾಡಿಕೊಂಡಿದ್ದೀನಿ. ಇಬ್ಬರಿದ್ದರೆ ಅದೂ ಬೇಡ. ಮೂರನೆಯದು, ವಾಲಿದ ಗಾಡಿಯನ್ನು ಹಿಡಿದು ನಡೆಯೋದರಿಂದ ಒಂದೇ ಭುಜ ನೋಯುತ್ತೆ. ಇದನ್ನು ಯಾವ ಜಾಹೀರಾತಿನಲ್ಲೂ ಹಾಕಲ್ಲ.

ರಿವರ್ಸ್ ಹಾಕಿದರೆ ನನ್ನ ಗಾಡಿಯಲ್ಲಿ ಪಿಟಿಒ ಕೂಡೋದೇ ಇಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಹಿಂದೆ ನಡೆಯುವವನ ಕಾಲಿಗೂ ಆ ಅಲಗಿಗೂ ಇರೋ ದೂರ ನೋಡಿದ ಮೇಲೆ ಸಿಟ್ಟು ಇಳೀತು.

ಮುಚ್ಚುವ ಕೆಲಸದಲ್ಲಿ ಈ ನೇಗಿಲು ಎರಡನೇ ಸಲ ಉಪಕಾರ ಮಾಡುತ್ತೆ. ಪೈಪಿನ ಸುತ್ತ ನಾಲ್ಕಾರು ಇಂಚು ಕಲ್ಲಿಲ್ಲದ ಸಣ್ಣ ಮಣ್ಣು ಕೈಯಲ್ಲೇ ಹಾಕಿ ತುಳಿಯಬೇಕು, ಅದರಲ್ಲಿ ಅಡ್ಡದಾರಿ ಇಲ್ಲ. ಕೇಬಲ್ ಇದ್ದರೆ ಅದರ ಮೇಲಿನ ಪದರದಲ್ಲಿ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಹಾಸಿ. ಆಮೇಲೆ ದಂಡೆಯ ಹೊರಮಗ್ಗುಲಲ್ಲಿ, ಎಸೆತ ಕಾಲುವೆ ಕಡೆಗೆ ಇರುವ ದಿಕ್ಕಿನಲ್ಲಿ ಗಾಡಿ ಓಡಿಸಿದರೆ ಮಣ್ಣು ತಾನೇ ಒಳಗೆ ಬೀಳುತ್ತೆ. ಪುಡಿ ಮಣ್ಣಾದ್ದರಿಂದ ಮೇಲೆ ಒಂದು ದಿಂಡು ಬಿಡಿ, ಮಳೆ ಬಿದ್ದ ಮೇಲೆ ಕೂರುತ್ತೆ. ಮಟ್ಟ ಮಾಡಿ ಬಿಟ್ಟರೆ ಆಮೇಲೆ ಅಲ್ಲೇ ಗುಳಿ ಬಿದ್ದು ನೀರು ನಿಲ್ಲುತ್ತೆ.

ಹಾಗಾದರೆ ತಗೋಬೇಕಾ? ಪಿಟಿಒ ಇರುವ ಗಾಡಿ ಆಗಲೇ ಮನೆಯಲ್ಲಿದ್ದರೆ, ವರ್ಷಕ್ಕೊಮ್ಮೆಯಾದರೂ ಪೈಪು, ಬಸಿಗಾಲುವೆ, ಏರುಮಡಿ ಅಂತ ಏನಾದರೂ ಇದ್ದೇ ಇರುತ್ತೆ ಅನ್ನುವವರು ಕಣ್ಣು ಮುಚ್ಚಿ ತಗೊಳ್ಳಿ. ನೆಲ ಒಡೆಯೋದಕ್ಕೂ ಮಡಿ ಏರಿಸೋದಕ್ಕೂ ಇದಕ್ಕಿಂತ ಒಳ್ಳೆಯ ಸಾಮಾನು ಈ ಗಾಡಿಗೆ ನಾನು ನೋಡಿಲ್ಲ; ಟ್ರೆಂಚ್ ಅದರ ಜೊತೆಗೆ ಬಂದ ಲಾಭ. ಒಂದು ಟ್ರೆಂಚ್ ಹೊಡೆಯೋಕೆ ಅಂತ ಗಾಡಿ, ನೇಗಿಲು ಎರಡನ್ನೂ ಕೊಳ್ಳೋಕೆ ಹೊರಟಿದ್ದರೆ ಚೈನ್ ಮಷೀನ್ ಬಾಡಿಗೆಗೆ ತಂದುಕೊಂಡು ಮನೆಗೆ ಹೋಗಿ.

ಹಳೇದು ತಗೊಳ್ಳೋರಿಗೆ ಮೂರು ವಿಷಯ. ಅಲಗಿನ ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ. ಗೇರ್ ಬಾಕ್ಸಿನ ಕೆಳಗಿನ ಸೀಲ್ ಹತ್ತಿರ ಎಣ್ಣೆ ಜಿನುಗಿ ಮಣ್ಣು ಕರಿಯಾಗಿ ಅಂಟಿದ್ದರೆ ಒಳಗೆ ಎಣ್ಣೆ ಎಷ್ಟಿದೆ ಅಂತ ಪ್ಲಗ್ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಮತ್ತೆ ಪಿಟಿಒ ಕಪ್ಲಿಂಗ್. ಒಂದು ಕಂಪನಿಯದು ಇನ್ನೊಂದಕ್ಕೆ ಕೂರಲ್ಲ, ಅಡಾಪ್ಟರ್ ಸಿಗುತ್ತೆ ಅನ್ನುವ ಮಾತನ್ನು ಅಡಾಪ್ಟರ್ ಕೈಗೆ ಬಂದ ಮೇಲೆ ನಂಬಿದರೆ ಸಾಕು.