ಒಂದೇ ಹೆಡ್‌ಫೋನ್, ಫೋನಿಗೆ ಒಂಥರಾ, ಲ್ಯಾಪ್‌ಟಾಪಿಗೆ ಇನ್ನೊಂಥರಾ

ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಶುರು ಮಾಡಿದ ವಾರವೇ ನಾನು ಹೊರಗಿನ ಸದ್ದು ಕಡಿಮೆ ಮಾಡುವ (ನಾಯ್ಸ್ ಕ್ಯಾನ್ಸಲಿಂಗ್) ಈ ಬ್ಲೂಟೂತ್ ಹೆಡ್‌ಫೋನ್ ತಗೊಂಡಿದ್ದು. ವಿಜಯನಗರದಲ್ಲಿ ನಮ್ಮದು ಮೊದಲನೇ ಮಹಡಿ. ನಾನು ಕೆಲಸಕ್ಕೆ ಕೂರುವ ಕಿಟಕಿಗೂ ಆ ಸೈಟಿಗೂ ಮಧ್ಯೆ ನಾಲ್ಕಡಿ ಜಾಗ ಇದ್ದರೆ ಹೆಚ್ಚು. ಬೆಳಿಗ್ಗೆ ಕಾಂಕ್ರೀಟ್ ಮಿಕ್ಸರ್ ಶುರುವಾದರೆ ಸಂಜೆವರೆಗೂ ಗುರ್ ಅಂತ ಒಂದೇ ಸಮ. ಅದರ ಪಕ್ಕದಲ್ಲಿ ಕೂತು ಲೆಕ್ಕದ ಶೀಟು ತಾಳೆ ನೋಡುವ ಕೆಲಸ ನನ್ನದು. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು.

ತಗೊಂಡಿದ್ದು ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4. 2020ರಲ್ಲಿ ಬಂದ ಮಾಡೆಲ್. ನಾನು ಕೊಳ್ಳುವ ಹೊತ್ತಿಗೆ ಅದರ ಮುಂದಿನದು ಮಾರ್ಕೆಟ್ಟಿಗೆ ಬಂದಾಗಿತ್ತು, ಹಾಗಾಗಿ ಸೇಲ್‌ನಲ್ಲಿ 20 ಸಾವಿರದ ಒಳಗೆ ಸಿಕ್ಕಿತು. ಅದೇನೂ ಸಣ್ಣ ದುಡ್ಡಲ್ಲ, ಅದಕ್ಕೇ ಎರಡು ವರ್ಷ ದಿನಾ ಬಳಸಿ, ಮನೆಯಲ್ಲಿರುವ ಎಲ್ಲ ಸಾಧನಕ್ಕೂ ಹಾಕಿ ನೋಡಿ ಆಮೇಲೆ ಬರೆಯುತ್ತಿದ್ದೇನೆ.

ಮೊದಲ ದಿನದ್ದು ಇನ್ನೂ ನೆನಪಿದೆ. ಕಿವಿಗೆ ಹಾಕಿ ಎಡಗಡೆಯ ಬಟನ್ ಒತ್ತಿದೆ. ಕಿಟಕಿಯಲ್ಲಿ ಮಿಕ್ಸರ್ ತಿರುಗುವುದು ಕಾಣುತ್ತಿದೆ, ಸದ್ದು ಮಾತ್ರ ಎರಡು ಬೀದಿ ಆಚೆ ಇರುವ ಹಿಟ್ಟಿನ ಗಿರಣಿಯ ಹಾಗೆ ಸಣ್ಣಗೆ. ನನ್ನ ತಲೆ ಮೇಲಿನ ಫ್ಯಾನು ಪೂರ್ತಿ ಮಾಯ. ಹಾಡೇನೂ ಹಾಕಿರಲಿಲ್ಲ, ಸುಮ್ನೆ ಹಾಗೇ ಹತ್ತು ನಿಮಿಷ ಕೂತಿದ್ದೆ. ಅಷ್ಟರಲ್ಲಿ ಟೈಲ್ಸ್ ಕತ್ತರಿಸುವ ಮಷಿನ್ ಶುರುವಾಯಿತು, ಅದು ಹಾಗೇ ಒಳಗೆ ಬಂತು. ಮೇಸ್ತ್ರಿ ಯಾರಿಗೋ "ಸಿಮೆಂಟ್ ತಗೊಂಡು ಬಾರೋ" ಅಂತ ಕೂಗಿದ್ದಂತೂ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು!

ಇದು ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ, ಇದರ ಕೆಲಸವೇ ಹಾಗೆ. ಹೊರಗೂ ಒಳಗೂ ಇರುವ ಪುಟ್ಟ ಮೈಕುಗಳು ಬರುವ ಸದ್ದನ್ನು ಕೇಳಿಸಿಕೊಳ್ಳುತ್ತವೆ, ಅದರ ಅಲೆಯ ಏರಿಗೆ ಇಳಿ, ಇಳಿಗೆ ಏರು ಇರುವ ಇನ್ನೊಂದು ಸದ್ದನ್ನು ಹೆಡ್‌ಫೋನ್ ಕಿವಿಯ ಹತ್ತಿರ ಬಿಡುತ್ತದೆ, ಎರಡೂ ಸೇರಿ ಸಪ್ಪಗಾಗುತ್ತದೆ. ಗುಂಯ್ ಅಂತ ಒಂದೇ ಸಮ ಇರುವ ತಗ್ಗು ಸದ್ದಿಗೆ ಇದು ಚೆನ್ನಾಗಿ ಆಗುತ್ತದೆ. ಕೀಚಲು ಸದ್ದಿಗೆ, ಥಟ್ಟನೆ ಬರುವ ಸದ್ದಿಗೆ ಅಷ್ಟಾಗಿ ಆಗಲ್ಲ. ಬೋಸ್ ಆಡಿಯೊ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಇದರ ಯೋಚನೆ ಬಂದಿದ್ದೇ 1978ರಲ್ಲಿ, ವಿಮಾನದಲ್ಲಿ ಕೂತಿದ್ದಾಗ. ಅವರ ಕಂಪನಿ 1989ರಲ್ಲಿ ಮಾರಾಟಕ್ಕೆ ತಂದ ಹೆಡ್‌ಸೆಟ್ಟೂ ವಿಮಾನ ನಡೆಸುವವರಿಗೇ. ಎಂಜಿನ್ ಸದ್ದಿಗೆ ಅಂತ ಹುಟ್ಟಿದ್ದು ಇವತ್ತಿಗೂ ಎಂಜಿನ್ ಸದ್ದಿಗೇ ಚೆನ್ನಾಗಿ ಒದಗುತ್ತದೆ. ಫ್ಯಾನ್, ಎಸಿ, ಬಸ್ಸು, ರೈಲು, ಜನರೇಟರ್, ಇವಕ್ಕೆಲ್ಲ ಸೈ. ಕುಕ್ಕರ್ ವಿಶಲ್ ಮತ್ತು ಕಾಲಿಂಗ್ ಬೆಲ್ ನನಗೆ ಕೇಳಿಸುತ್ತವೆ, ಒಳ್ಳೆಯದೇ ಆಯಿತು.

ಈಗ ಲ್ಯಾಪ್‌ಟಾಪ್ ವಿಷಯ. ಜನ ಜಾಸ್ತಿ ಬೇಜಾರು ಮಾಡಿಕೊಳ್ಳುವುದು ಇಲ್ಲೇ, ಯಾಕೆಂದು ಯಾರೂ ಸರಿಯಾಗಿ ಹೇಳುವುದಿಲ್ಲ. ನನಗೂ ಮೊದಲ ಮೀಟಿಂಗ್‌ನಲ್ಲೇ ಆಯಿತು. ಅಲ್ಲಿಯವರೆಗೆ ಹಾಡು ಎಷ್ಟು ಚೆನ್ನಾಗಿ ಬರುತ್ತಿತ್ತು, ಮೀಟಿಂಗಿಗೆ ಸೇರಿದ ಕೂಡಲೇ ಎಲ್ಲರ ದನಿಯೂ ಹಳೇ ಲ್ಯಾಂಡ್‌ಲೈನ್ ಫೋನಿನ ಹಾಗೆ ಚಪ್ಪಟೆ. ನನ್ನ ದನಿ ಬಾವಿಯೊಳಗಿಂದ ಬಂದ ಹಾಗಿದೆ ಅಂತ ಅವರು ಹೇಳಿದರು. ಎರಡು ದಿನ ಹೆಡ್‌ಫೋನನ್ನೇ ಬೈದುಕೊಂಡೆ. ತಪ್ಪು ಅದರದ್ದಲ್ಲ.

ಈಗ ನಾವೆಲ್ಲ ಬಳಸುತ್ತಿರುವ ಬ್ಲೂಟೂತಿಗೆ ಎರಡು ದಾರಿ ಇದೆ. ಒಂದು ಹಾಡು ಕೇಳುವ ದಾರಿ, ಅದರಲ್ಲಿ ಸದ್ದು ಒಂದೇ ಕಡೆಗೆ ಹರಿಯುತ್ತದೆ, ಆದ್ದರಿಂದ ಎರಡು ಕಿವಿಗೂ ಬೇರೆ ಬೇರೆಯಾಗಿ, ತುಂಬಿಕೊಂಡು ಬರುತ್ತದೆ. ಇನ್ನೊಂದು ಕಾಲ್ ಮಾಡುವ ದಾರಿ, ಅಲ್ಲಿ ನಿಮ್ಮ ಮಾತು ಹೋಗಬೇಕು, ಅವರ ಮಾತು ಬರಬೇಕು, ಜಾಗ ಮಾತ್ರ ಅಷ್ಟೇ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳೆದ ಸದ್ದು ಇರುತ್ತದೆ. ಕಾಲ್ ದಾರಿಯಲ್ಲಿ ಸಾಮಾನ್ಯವಾಗಿ 16,000, ಹಳೇ ಕ್ರಮದಲ್ಲಾದರೆ ಬರೀ 8,000. ಹೆಡ್‌ಫೋನಿನ ಮೈಕನ್ನು ಲ್ಯಾಪ್‌ಟಾಪ್ ಬಳಸಲು ಶುರು ಮಾಡಿದ ತಕ್ಷಣ ಮೊದಲ ದಾರಿ ಮುಚ್ಚಿ ಎರಡನೆಯದು ತೆರೆಯುತ್ತದೆ. 2 ಸಾವಿರದ್ದಾಗಲಿ 30 ಸಾವಿರದ್ದಾಗಲಿ, ಈ ದಾರಿಗೆ ಬಂದರೆ ಸದ್ದು ಇಳಿಯಲೇಬೇಕು.

ಪರಿಹಾರ ಸುಲಭ. ಮೀಟಿಂಗ್ ಆಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್, ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ವಿಂಡೋಸ್ 10ರಲ್ಲಿ ಹೆಡ್‌ಫೋನ್ ಹೆಸರು ಎರಡು ಸಲ ಕಾಣುತ್ತದೆ, ಒಂದರ ಮುಂದೆ ಸ್ಟೀರಿಯೊ, ಇನ್ನೊಂದರ ಮುಂದೆ ಹ್ಯಾಂಡ್ಸ್-ಫ್ರೀ ಅಂತ. ಸ್ಟೀರಿಯೊ ಇರುವುದನ್ನೇ ಒತ್ತಿ. ನನ್ನ ಹಾಗೆ ಪಕ್ಕದಲ್ಲೇ ಮಿಕ್ಸರ್ ಇದ್ದರೆ ಲ್ಯಾಪ್‌ಟಾಪಿನ ಮೈಕು ಆ ಸದ್ದನ್ನೂ ಎಳೆದುಕೊಂಡು ಕಳಿಸುತ್ತದೆ, ಅದಕ್ಕೆ ನಾನು ಕಾಲರಿಗೆ ಸಿಕ್ಕಿಸುವ ಒಂದು ಸಣ್ಣ ಯುಎಸ್‌ಬಿ ಮೈಕ್ ತಂದೆ. ಆವತ್ತಿಂದ ಮೀಟಿಂಗ್‌ನಲ್ಲಿ "ಇನ್ನೊಂದ್ಸಲ ಹೇಳಿ" ಅಂತ ಯಾರೂ ಕೇಳಿಲ್ಲ.

ಒಂದೇ ಹೊತ್ತಿಗೆ ಎರಡು ಸಾಧನಕ್ಕೆ ಸೇರಿಕೊಳ್ಳುವುದು ನನಗೆ ಇದರಲ್ಲಿ ಬಹಳ ಇಷ್ಟವಾದ ಗುಣ. ಫೋನಿನಲ್ಲಿ ಸೋನಿಯ ಹೆಡ್‌ಫೋನ್ ಆಪ್ ಹಾಕಿಕೊಂಡು ಅದರಲ್ಲಿ ಆನ್ ಮಾಡಬೇಕು ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಏನೋ ಕೇಳುತ್ತಿರುವಾಗ ಕೊರಿಯರ್‌ನವರು ಫೋನ್ ಮಾಡಿದರೆ ತಾನೇ ಅತ್ತ ತಿರುಗುತ್ತದೆ, ಮಾತು ಮುಗಿದ ಮೇಲೆ ಇತ್ತ. ಆದರೆ ಮನೆಯಲ್ಲಿ ಸಿಕ್ಕ ಸಿಕ್ಕ ಸಾಧನಕ್ಕೆಲ್ಲ ಪೇರ್ ಮಾಡಿ ಇಡಬೇಡಿ. ಮಗಳ ಟ್ಯಾಬಿಗೆ ಒಂದು ಸಲ ಪೇರ್ ಮಾಡಿದ್ದೆ. ಒಂದು ಬೆಳಿಗ್ಗೆ ಮೀಟಿಂಗಿಗೆ ಎರಡು ನಿಮಿಷ ಇರುವಾಗ ಹೆಡ್‌ಫೋನ್ ಆನ್ ಮಾಡಿದರೆ ಅದು ಒಳಕೋಣೆಯ ಟ್ಯಾಬಿಗೆ ಹೋಗಿ ಸೇರಿತ್ತು. ನನ್ನ ಕಿವಿಯಲ್ಲಿ ಮಗ್ಗಿ ಪಾಠ, ಅಲ್ಲಿ ಅವಳು "ಅಮ್ಮಾ, ಸೌಂಡೇ ಬರ್ತಿಲ್ಲ" ಅಂತ. ಈಗ ಟ್ಯಾಬಿನಲ್ಲಿ ಬ್ಲೂಟೂತ್ ಆಫ್ ಮಾಡಿಟ್ಟಿದ್ದೇನೆ. ಇನ್ನೊಂದು, ಮೈಕ್ರೋವೇವ್ ಓವನ್ನೂ ಬ್ಲೂಟೂತೂ ಎರಡೂ 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಓಡಾಡುವುದು. ಅಡುಗೆಮನೆಯಲ್ಲಿ ಓವನ್ ಆನ್ ಆದಾಗ ಅದರ ಪಕ್ಕ ನಿಂತರೆ ಹಾಡು ತುಂಡು ತುಂಡಾಗುತ್ತದೆ, ಎರಡು ಹೆಜ್ಜೆ ಆಚೆ ಬಂದರೆ ಸರಿ.

ಫೋನಿನ ಜೊತೆ ಹೇಳುವಂಥ ತೊಂದರೆ ಏನೂ ಇಲ್ಲ. ಆಂಡ್ರಾಯ್ಡ್ ಆದರೆ ಎಲ್‌ಡಿಎಸಿ ಅನ್ನುವ, ಬ್ಲೂಟೂತಿನಲ್ಲಿ ಸದ್ದನ್ನು ಕಟ್ಟಿ ಕಳಿಸುವ ಮೇಲ್ಮಟ್ಟದ ಕ್ರಮದಲ್ಲಿ ಹಾಡು ಕೇಳಬಹುದು, ಐಫೋನಿನಲ್ಲಿ ಎಎಸಿ. ನನ್ನ ಕಿವಿಗೆ ಬಸ್ಸಿನಲ್ಲಿ ಎರಡರ ನಡುವೆ ವ್ಯತ್ಯಾಸ ಗೊತ್ತಾಗಲ್ಲ, ರಾತ್ರಿ ಮನೆಯಲ್ಲಿ ವೀಣೆ ಕೇಳುವಾಗ ಮಾತ್ರ ಎಲ್‌ಡಿಎಸಿಯಲ್ಲಿ ತಂತಿ ಮೀಟಿದ ಆಮೇಲಿನ ಎಳೆ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತದೆ ಅನ್ನಿಸುತ್ತದೆ.

ಬಸ್ಸು ಅಂದೆ ಅಲ್ವಾ. ಸಾಗರಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತ್ತು. ಎಂಜಿನ್ ಸದ್ದು ಹೋಗಿ ಬರೀ ಅಲುಗಾಟ ಉಳಿಯಿತು. ಮೊದಲು ಮಾಮೂಲಿ ಇಯರ್‌ಫೋನ್‌ನಲ್ಲಿ ಬಸ್ಸಿನ ಸದ್ದು ಮುಚ್ಚಲು ವಾಲ್ಯೂಮ್ ಮುಕ್ಕಾಲಿಗೂ ಮೇಲೆ ಇಡುತ್ತಿದ್ದೆ, ಈಗ ಅರ್ಧವೂ ಬೇಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಸದ್ದಿನ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ನನ್ನ ಹಾಗೆ ದಿನಕ್ಕೆ ಐದಾರು ಗಂಟೆ ಕಿವಿಗೆ ಹಾಕುವವರಿಗೆ ವಾಲ್ಯೂಮ್ ಹೀಗೆ ಕಡಿಮೆ ಇಡಬಹುದಾದ್ದೇ ದೊಡ್ಡ ಲಾಭ ಅಂತ ನನಗೆ ಅನ್ನಿಸುತ್ತದೆ. ಕಂಡಕ್ಟರ್ ಬಂದು "ಮೇಡಂ, ಟಿಕೆಟ್" ಅಂದಾಗ ಬಲಗಿವಿಯ ಮೇಲೆ ಅಂಗೈ ಮುಚ್ಚಿದರೆ ಸಾಕು, ಹಾಡು ಸಣ್ಣಗಾಗಿ ಅವರ ಮಾತು ಒಳಗೆ ಬರುತ್ತದೆ, ಕೈ ತೆಗೆದರೆ ಮತ್ತೆ ಮೊದಲಿನ ಹಾಗೆ. ರಸ್ತೆಯಲ್ಲಿ ನಡೆಯುವಾಗ, ಗಾಡಿ ಓಡಿಸುವಾಗ ಮಾತ್ರ ದಯವಿಟ್ಟು ಹಾಕಬೇಡಿ. ಹಿಂದಿನಿಂದ ಬರುವ ಬಸ್ಸಿನ ಎಂಜಿನ್ ಸದ್ದನ್ನೇ ಇದು ಮೊದಲು ನುಂಗುವುದು.

ಬ್ಯಾಟರಿ 30 ಗಂಟೆ ಅಂತ ಬರೆದಿದ್ದಾರೆ. ತೂಕ 254 ಗ್ರಾಂ, ಎರಡು ಗಂಟೆವರೆಗೂ ಗೊತ್ತೇ ಆಗಲ್ಲ. ಏಪ್ರಿಲ್ ತಿಂಗಳಲ್ಲಿ ಕಿವಿಯ ಸುತ್ತ ಬೆವರುತ್ತದೆ, ಕಿವಿ ಪೂರ್ತಿ ಮುಚ್ಚುವ ಯಾವುದೇ ಹೆಡ್‌ಫೋನ್ ಆದರೂ ಅಷ್ಟೇ, ಗಂಟೆಗೊಮ್ಮೆ ತೆಗೆದು ಒರೆಸಿ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕನ್ನಡಕ, ಓಲೆ ಹಾಕಿಕೊಂಡೇ ಹತ್ತು ನಿಮಿಷ ಹಾಕಿ ನೋಡಿ. ಇದರ ಮುಂದಿನ ಮಾಡೆಲ್, 2022ರ ಎಕ್ಸ್‌ಎಂ5, ಇದರ ಹಾಗೆ ಮಡಚಿಕೊಳ್ಳುವುದಿಲ್ಲ, ನನಗೆ ಬ್ಯಾಗಿನಲ್ಲಿ ಜಾಗ ಮುಖ್ಯ ಅಂತ ಹಳೆಯದನ್ನೇ ಆರಿಸಿದೆ.

ಕೊನೆಗೆ ಟಿವಿ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ರಾತ್ರಿ ವಾರ್ತೆ ಹಾಕಿದರೆ ಕೆಳಮನೆಯವರಿಗೂ ಕೇಳಿಸಬೇಕು, ಮಗಳ ಓದು ಅಲ್ಲಿಗೆ ನಿಂತ ಹಾಗೆ. ಈ ಹೆಡ್‌ಫೋನನ್ನೇ ಟಿವಿಗೆ ಬ್ಲೂಟೂತಿನಲ್ಲಿ ಪೇರ್ ಮಾಡಿ ಕೊಟ್ಟೆ. ಅಪ್ಪ ಐದು ನಿಮಿಷ ನೋಡಿ, "ಏನಮ್ಮಾ ಇದು, ಇವನು ಬಾಯಿ ಮುಚ್ಚಿದ ಮೇಲೆ ಮಾತು ಬರ್ತಿದೆ" ಅಂದರು. ನಾನು ಹಾಕಿ ನೋಡಿದೆ, ಹೌದು. ಕ್ರಿಕೆಟ್ ಹಾಕಿದರೆ ಚೆಂಡು ಬ್ಯಾಟಿಗೆ ತಾಗಿ ಹೊರಟ ಮೇಲೆ ಟಕ್ ಅನ್ನುತ್ತದೆ. ಬ್ಲೂಟೂತಿನಲ್ಲಿ ಸದ್ದನ್ನು ಕಟ್ಟಿ ಕಳಿಸಿ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಸಣ್ಣ ಭಾಗ ಹೋಗುತ್ತದೆ. ಫೋನಿನ ವಿಡಿಯೊ ಆಪ್‌ಗಳು ಸಾಮಾನ್ಯವಾಗಿ ಅಷ್ಟು ಹೊತ್ತು ಚಿತ್ರವನ್ನೂ ತಡೆದು ತೋರಿಸುತ್ತವೆ, ನಮ್ಮ ಟಿವಿ ಸೆಟ್‌ಟಾಪ್ ಬಾಕ್ಸಿನಿಂದ ಬಂದಿದ್ದನ್ನು ಬಂದ ಹಾಗೇ ತೋರಿಸಿಬಿಡುತ್ತದೆ. ಸೆಟ್ಟಿಂಗ್ಸ್ ಎಲ್ಲ ತಡಕಿದೆ, ಸದ್ದನ್ನು ಇನ್ನೂ ತಡ ಮಾಡಲು ದಾರಿ ಇತ್ತು, ಮುಂದೆ ತರಲು ಇರಲಿಲ್ಲ.

ಆಮೇಲೆ ಡಬ್ಬಿಯಲ್ಲೇ ಬಂದಿದ್ದ ವೈರು ನೆನಪಾಯಿತು. ಅದನ್ನು ಅಲ್ಲಿಯವರೆಗೆ ಬಿಚ್ಚಿಯೇ ಇರಲಿಲ್ಲ. ನಮ್ಮ ಟಿವಿಯ ಹಿಂದೆ 3.5 ಎಂಎಂ ತೂತು ಇತ್ತು, ವೈರು ಸೋಫಾ ತನಕ ಬರಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಐದು ಮೀಟರಿನ ಎಕ್ಸ್‌ಟೆನ್ಶನ್ ತಂದೆ. ಮಾತೂ ಬಾಯಿಯೂ ಕೂಡಿಕೊಂಡವು. ವೈರು ಹಾಕಿದ ಮೇಲೂ ಆನ್ ಮಾಡಿದರೆ ಸದ್ದು ಕಡಿಮೆ ಮಾಡುವುದು ಕೆಲಸ ಮಾಡುತ್ತದೆ, ಫ್ಯಾನಿನ ಗುಂಯ್ ಹೋಗಿರುವುದರಿಂದ ಅಪ್ಪನಿಗೆ ಕಡಿಮೆ ವಾಲ್ಯೂಮಿನಲ್ಲೇ ಮಾತು ಬಿಡಿಬಿಡಿಯಾಗಿ ಸಿಗುತ್ತದೆ. ನಮ್ಮ ಟಿವಿಯಲ್ಲಿ ವೈರು ಚುಚ್ಚಿದರೆ ಸ್ಪೀಕರ್ ನಿಂತುಹೋಗುತ್ತದೆ, ಉಳಿದವರೂ ನೋಡಬೇಕಾದ ದಿನ ಕೀಳಬೇಕು. ಈಗ ಸಂಜೆ ಏಳಕ್ಕೆ ನನ್ನ ಕೆಲಸ ಮುಗಿದ ಕೂಡಲೇ ಅಪ್ಪ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ, ನಾನು ಕುಶನ್ ಒರೆಸಿ ಅವರ ಕೈಗೆ ಕೊಡುತ್ತೇನೆ.