ತೀನ್ ಕಂದೀಲ್ ಹತ್ತಿರದ ಹಳೆ ಪುಸ್ತಕದ ಅಂಗಡಿ

ರಾಯಚೂರಿನ ಈ ಅಂಗಡಿಯಲ್ಲಿ 60 ರೂಪಾಯಿಗೆ ಆಫ್ರಿಕಾದ ಸ್ವಾತಂತ್ರ್ಯ ಹೋರಾಟದ ಪುಸ್ತಕ ಸಿಕ್ಕಿತು. ಬೆನ್ನು ಹರಿದಿದೆ, ಹಾಳೆಗಳಲ್ಲಿ ಹುಳ ತಿಂದ ತೂತು ಜಾಸ್ತಿ. ಆದರೂ ಕೆಳಗಿಡಲು ಮನಸ್ಸಾಗಲಿಲ್ಲ. ಮಂಡೇಲಾ ಎಲ್ಲರಿಗೂ ಗೊತ್ತು ಅಲ್ವಾ? ನೈಜೀರಿಯಾದ ಫುನ್ಮಿಲಾಯೊ ರಾನ್ಸಮ್-ಕುಟಿ ಹೆಸರು ನಾನು ಕೇಳಿಯೇ ಇರಲಿಲ್ಲ. ಟೀಚರ್ ಆಗಿದ್ದವರು. ಅಬೆಯೊಕುಟಾದಲ್ಲಿ ಹೆಂಗಸರ ಮೇಲೆ ಹೇರಿದ್ದ ತೆರಿಗೆ ವಿರುದ್ಧ ಸಂತೆಯ ವ್ಯಾಪಾರದ ಹೆಂಗಸರನ್ನೆಲ್ಲ ಒಗ್ಗೂಡಿಸಿದರು. ಅರಮನೆ ಮುಂದೆ ಸಾವಿರಾರು ಹೆಂಗಸರು ಕೂತರು, ಹಾಡಿದರು. ಬ್ರಿಟಿಷರ ಬೆಂಬಲವಿದ್ದ ರಾಜ 1949ರಲ್ಲಿ ಪಟ್ಟ ಬಿಡಬೇಕಾಯಿತು.

ಅವ್ವ ಸಂತೆಯಲ್ಲಿ ಸೊಪ್ಪು ಮಾರಿ ನಮ್ಮನ್ನು ಸಾಕಿದವಳು. ಈ ಪುಟ ಅವಳಿಗೆ ಓದಿ ಹೇಳಿದೆ. ಬಿಡಿಸುತ್ತಿದ್ದ ಮೆಂತ್ಯೆ ಕೈಯಲ್ಲೇ ಹಿಡಿದು, "ಇನ್ನೊಂದ್ಸಲ ಓದವ್ವಾ" ಅಂದಳು.

ಅಂಗಡಿಯ ಕಾಕಾ ಬೇಸರವಿಲ್ಲದೆ ಹುಡುಕಿ ಕೊಡುತ್ತಾರೆ. ಇಂಥದ್ದು ಬಂದರೆ ತೆಗೆದಿಡಿ ಅಂತ ನಂಬರ್ ಕೊಟ್ಟು ಬಂದಿದ್ದೇನೆ.